ಇಬ್ಬರು ಬಿಟ್ಟುಹೋದ ಮನೆ

ಮಲಾಡಿನ ನಮ್ಮ ಗಲ್ಲಿಯಲ್ಲಿ ಈಗ ಎತ್ತ ನೋಡಿದರೂ ಬಿಲ್ಡಿಂಗುಗಳೇ. ಹೆಂಚಿನ ಮನೆಯೆಂದು ಉಳಿದಿರುವುದು ನಮ್ಮದೊಂದೇ. ಅದನ್ನು ಕೊಂಡವಳು ನನ್ನ ಅಮ್ಮ. ಇದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ದನಿ ಸ್ವಲ್ಪ ಏರುತ್ತದೆ.

ಆಗ ನಾವು ಅಂಧೇರಿಯ ಚಾಳಿನ ಒಂದು ಕೋಣೆಯಲ್ಲಿದ್ದೆವು. ಉಡುಪಿ ಕಡೆಯಿಂದ ಬಂದಿದ್ದ ಅಪ್ಪ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದರು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಈ ಮನೆ ಮಾರಾಟಕ್ಕಿದೆಯೆಂದು ಗಿರಾಕಿಯೊಬ್ಬಳು ಹೇಳಿದಳು. ಎರಡು ಕೋಣೆ, ಮುಂದೆ ಜಗಲಿ, ಹಿಂದೆ ಬಾವಿ. ನೋಡಲು ಹೋದಾಗ ಪಕ್ಕದ ಮನೆಯ ಮರಾಠಿ ಅಜ್ಜಿ ಅಮ್ಮನ ಕೈ ಹಿಡಿದು, “ನಕೋ ಬಾಯಿ, ಬೇಡಮ್ಮ, ಈ ಮನೆಯಲ್ಲಿ ಯಾರೂ ನಿಲ್ಲೋದಿಲ್ಲ. ಇಬ್ಬರು ಬಿಟ್ಟುಹೋದರು,” ಎಂದರು.

ಅಪ್ಪ ಹೆದರಿದರು. “ಯಾರಿಗೂ ಆಗಿಬರದ ಮನೆ ನಮಗೆ ಎಂತಕ್ಕೆ ಮಾರಾಯ್ತಿ?”

“ಹೋದವರನ್ನೇ ಕೇಳುವ. ಅವರೇನು ಊರು ಬಿಟ್ಟು ಓಡಿದ್ದಾರಾ?” ಎಂದಳು ಅಮ್ಮ.

ಆ ಅಜ್ಜಿಯಿಂದಲೇ ವಿಳಾಸ ಕೇಳಿಕೊಂಡು, ಮರುದಿನವೇ ನನ್ನನ್ನು ಕರೆದುಕೊಂಡು ಲೋಕಲ್ ರೈಲು ಹತ್ತಿದಳು. ಮನೆ ಕಟ್ಟಿಸಿದವರು ಒಬ್ಬ ನಿವೃತ್ತ ರೈಲ್ವೆ ನೌಕರರು, ಕ್ರಿಶ್ಚಿಯನ್ನರು. ಬಾಂದ್ರಾದಲ್ಲಿ ಮಗಳ ಜೊತೆ ಇದ್ದರು. ಅಮ್ಮನ ಪ್ರಶ್ನೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳಿಗೆ ಅವಳಿ ಮಕ್ಕಳು ಹುಟ್ಟಿದವಂತೆ. ನೋಡಿಕೊಳ್ಳುವವರಿಲ್ಲದೆ ಗಂಡಹೆಂಡತಿ ಇಬ್ಬರೂ ಮನೆ ಮಾರಿ ಬಂದುಬಿಟ್ಟರಂತೆ. “ಅದರ ಪಾಯ ಹಾಕುವಾಗ ನಾನೇ ನಿಂತಿದ್ದೆ ಬೇಟಿ, ಕಣ್ಣು ಮುಚ್ಚಿ ತಗೋ,” ಎಂದು ಹಿಂದಿಯಲ್ಲಿ ಹೇಳಿ ನಮಗೆ ಕೇಕು ಕೊಟ್ಟರು.

ಅವರಿಂದ ಕೊಂಡ ಗುಜರಾತಿ ಬಟ್ಟೆ ವ್ಯಾಪಾರಿಯೇ ಈಗ ಮಾರುತ್ತಿದ್ದವರು. ಅವರನ್ನು ಮಲಾಡ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಹಿಡಿದೆವು. “ಧಂದಾ ಬೆಳೀತು ಬೆಹೆನ್, ತಮ್ಮಂದಿರೂ ಬಂದರು. ಎರಡು ಕೋಣೆಯಲ್ಲಿ ಎಲ್ಲರೂ ಹೇಗೆ ಇರೋದು?”

ಮನೆಗೆ ಬಂದವಳೇ ಅಮ್ಮ ಅಪ್ಪನ ಎದುರು ನಿಂತಳು. “ಒಬ್ಬರು ಮೊಮ್ಮಕ್ಕಳು ಹುಟ್ಟಿದವೆಂದು ಹೋದರು, ಇನ್ನೊಬ್ಬರು ವ್ಯಾಪಾರ ಹೆಚ್ಚಿತೆಂದು. ಇದಕ್ಕೆ ಆಗಿಬರದ ಮನೆ ಅಂತ ಹೇಳುವುದಾ?”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ರಿಜಿಸ್ಟ್ರಿ ದಿನ, ಹೆಂಡತಿಯ ಹೆಸರಿಗೆ ಯಾಕೆ ಎಂದು ಗುಮಾಸ್ತ ಕೇಳಿದಾಗ ಅಪ್ಪ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ: “ಹುಡುಕಿ ತೆಗೆದದ್ದು ಅವಳು. ಹೆಸರೂ ಅವಳದ್ದೇ ಇರಲಿ.”

ಜಗಲಿಗೆ ಅಮ್ಮನ ಹೊಲಿಗೆ ಯಂತ್ರ ಬಂತು. ಅಕ್ಕಪಕ್ಕದಲ್ಲಿ ಬಿಲ್ಡಿಂಗ್ ಏಳತೊಡಗಿದಾಗ ಕೆಲಸಕ್ಕೆಂದು ಬಂದ ಬಿಜಾಪುರ, ಗುಲ್ಬರ್ಗಾ ಕಡೆಯ ಹೆಂಗಸರು ನೀರಿಗಾಗಿ ನಮ್ಮ ಬಾವಿಗೆ ಬರುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳು ಕೊಡ ಇಳಿಸಿ ಕೇಳಿದಳು: “ಅಕ್ಕಾರ, ನನಗೂ ಮಷಿನ್ ತುಳಿಯೂದು ಕಲಸ್ತೀರೇನ್ರಿ?” ಅಮ್ಮ ಅಲ್ಲೇ ಕೂರಿಸಿ ಕಲಿಸಿದಳು. ಅವಳ ಹಿಂದೆ ಮತ್ತಷ್ಟು ಮಂದಿ ಬಂದರು. ಆ ಮೊದಲನೆಯವಳು ಈಗ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಟೇಲರಿಂಗ್ ಅಂಗಡಿ ನಡೆಸುತ್ತಾಳೆ. ನನ್ನ ಮಗಳ ಲೆಹೆಂಗಾ ಹೊಲಿದುಕೊಟ್ಟವಳೂ ಅವಳೇ.

ಕಳೆದ ತಿಂಗಳು ಬಿಲ್ಡರ್ ಕಡೆಯ ಹುಡುಗನೊಬ್ಬ ಬಂದಿದ್ದ. ಬಾಗಿಲು ತೆರೆದ ನನ್ನ ಮಗಳು ತನ್ನ ಹಿಂದಿ ಬೆರೆತ, ತಡವರಿಸುವ ಕನ್ನಡದಲ್ಲಿ ಕೂಗಿದಳು: “ಅಜ್ಜೀ, ಇವರು ಪೂಛ್ತಾರೆ... ಮನೆ ಸೇಲ್ ಮಾಡ್ತೀರಾ ಅಂತ.”

“ಇಲ್ಲ ಅಂತ ಹೇಳು. ಚಾ ಕುಡಿದು ಹೋಗಲಿ,” ಎಂದಳು ಅಮ್ಮ.

ಅವನು ಜಗಲಿಯಲ್ಲಿ ಕೂತು, ಹೊಲಿಯುತ್ತಿದ್ದವರನ್ನು ನೋಡುತ್ತಾ ಚಾ ಕುಡಿದ. ಹೋಗುವ ಮುಂಚೆ, ತನ್ನ ತಂಗಿಗೂ ಇಲ್ಲಿ ಕಲಿಸುತ್ತೀರಾ ಎಂದು ಕೇಳಿದ. ಅವಳು ಈಗ ಬರುತ್ತಿದ್ದಾಳೆ. ಕೈ ಚುರುಕು ಎನ್ನುತ್ತಾಳೆ ಅಮ್ಮ.