ಅಪ್ಪ ಕಪ್ಪು ಬಳಿದ ಹಲಗೆಗಳು

ಶಾಲೆ ತೆರೆಯುವ ಮೊದಲಿನ ವಾರವೆಂದರೆ ಆ ಕಾಲದಲ್ಲಿ ಬೇರೆ ಮಕ್ಕಳಿಗೆ ಹೊಸ ಪುಸ್ತಕದ ವಾಸನೆ. ನನಗೆ ಮಾತ್ರ ಮಸಿಯ ವಾಸನೆ. ಅಪ್ಪ ರಾಮಕುಂಜದ ಕಡೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು; ನಾನು ಓದುತ್ತಿದ್ದುದೂ ಅಲ್ಲೇ. ಮೇ ತಿಂಗಳ ಕೊನೆಗೆ ಶಾಲೆಯ ಕಪ್ಪು ಹಲಗೆಗಳೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದವು. ಇದ್ದಿಲು ಅರೆದು, ತೊಂಡೆ ಸೊಪ್ಪಿನ ರಸ ಸೇರಿಸಿ ಅಪ್ಪ ಅವುಗಳಿಗೆ ಬಳಿಯುತ್ತಿದ್ದರು. ಸೊಪ್ಪು ಜಜ್ಜುವುದು ನನ್ನ ಕೆಲಸ. "ಇವಳ ಮೋರೆ ನೋಡಿದ್ರೆ ಭೂತವೂ ಓಡೀತು" ಎಂದು ಅಮ್ಮ ನಗುತ್ತಿದ್ದಳು.

ಮಳೆಗಾಲದ ತಂಡಿಗೆ ಆ ಮಸಿ ನಿಲ್ಲುತ್ತಿರಲಿಲ್ಲ. "ನಿಮ್ಮ ಮಸಿ ಪೂರಾ ನಮ್ಮ ಅಂಗಿಯಲ್ಲಿ ಉಂಟು ಮಾರಾಯ್ರೆ" ಎಂದು ಉಳಿದ ಮಾಸ್ಟ್ರುಗಳು ಹಂಗಿಸುತ್ತಿದ್ದರು. ಚಿತ್ರ ಬಿಡಿಸುವವನಿಗೆ ಎಂತ ಕೆಲಸ ಎಂಬ ಅಸಡ್ಡೆ ಅವರಿಗೆ ಮೊದಲೇ ಇತ್ತು. ಅಪ್ಪ ಎಲ್ಲ ನುಂಗಿಕೊಂಡಿದ್ದರು. ಆ ವರ್ಷ ಮಾತ್ರ, ಹೋಗದ ಕಪ್ಪು ಮಾಡಿಯೇ ತೋರಿಸುತ್ತೇನೆಂದು ಹಟ ಹಿಡಿದರು.

ಗೇರುಬೀಜ ಸುಟ್ಟಾಗ ಸಿಪ್ಪೆಯಿಂದ ಇಳಿದ ಎಣ್ಣೆ ಮನೆಯಲ್ಲಿತ್ತು. ಗೆದ್ದಲು ಹಿಡಿಯದಂತೆ ಬಾಗಿಲ ಚೌಕಟ್ಟಿಗೆ, ಅಂದರೆ ದಾರಂದಕ್ಕೆ, ಹಚ್ಚುವ ಎಣ್ಣೆ ಅದು. ಅಪ್ಪ ಅದಕ್ಕೇ ಇದ್ದಿಲು ಕಲಸಿದರು.

"ಅದು ಚರ್ಮ ಸುಡ್ತದಲ್ವಾ?" ಎಂದಳು ಅಮ್ಮ. "ದಾರಂದ ಒಣಗ್ಲಿಕ್ಕೆ ತಿಂಗಳು ಹಿಡಿದದ್ದು ಮರೆತು ಹೋಯ್ತಾ?"

"ಇಷ್ಟು ಬಿಸಿಲುಂಟು, ಒಣಗದೆ ಎಂತ ಆಗ್ತದೆ? ನೀನು ಸುಮ್ನೆ ಇರು."

ಕೈಗೆ ಬಟ್ಟೆ ಸುತ್ತಿಕೊಂಡು ಬಳಿದರು. ಮರುದಿನವೇ ಮಳೆ ಹಿಡಿಯಿತು. ಹಲಗೆಗಳು ಜಗಲಿಗೆ ಬಂದವು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ ಇತ್ತು. ಅಪ್ಪನಿಗೋ ಅದರ ಹೊಳಪೇ ಸಂಭ್ರಮ. ಹಲಗೆಯಲ್ಲಿ ನನ್ನ ಮುಖ ಕಾಣುತ್ತದೆಂದು ಕರೆದು ತೋರಿಸಿದರು.

ಶಾಲೆ ತೆರೆಯುವ ದಿನ ದೊಡ್ಡ ಹುಡುಗರು ಬಂದು ಹಲಗೆ ಹೊತ್ತೊಯ್ಯುವುದು ನಮ್ಮಲ್ಲಿ ರೂಢಿ. ಅಮ್ಮ ಅವರಿಗೆ ಹಲಸಿನ ಹಪ್ಪಳ, ಬೆಲ್ಲ ಕೊಡುತ್ತಿದ್ದಳು. ಆ ದಿನವೂ ತಿಂದು, ಗಲಾಟೆ ಮಾಡುತ್ತ, ಮಳೆಯಲ್ಲಿ ತಲೆಯ ಮೇಲೆ ಹಲಗೆ ಹೊತ್ತು ನಡೆದರು. ಮೊದಲ ಹಲಗೆ ಅಪ್ಪನೇ ಹೊತ್ತಿದ್ದರು.

ಮರುದಿನ ಆ ಹುಡುಗರಲ್ಲಿ ಬಹಳ ಮಂದಿ ಬರಲೇ ಇಲ್ಲ. ಬಂದವರ ಅಂಗೈ, ಹಣೆ, ಕುತ್ತಿಗೆಯ ತುಂಬ ಬೊಕ್ಕೆ. ಹಲಗೆ ಹೊತ್ತವರಲ್ಲೊಬ್ಬನಾದ ಹಮೀದನ ಮುಖ ಊದಿ ಕಣ್ಣೇ ಮುಚ್ಚಿದೆಯಂತೆ ಎಂದು ಯಾರೋ ಹೇಳಿದರು. ಹೆಡ್‌ಮಾಸ್ಟ್ರು ಎಲ್ಲರೆದುರು, "ಇದೆಂತ ಮಾಡಿದ್ದು ನೀವು?" ಎಂದರು. ಅಪ್ಪ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದರು. ನನ್ನ ಪಕ್ಕದ ಹುಡುಗಿ ಮೆಲ್ಲನೆ ದೂರ ಸರಿದು ಕುಳಿತಳು. ನೆಲ ಬಿರಿದು ನುಂಗಬಾರದೇ ಅನಿಸಿತು.

ಮಧ್ಯಾಹ್ನ ಅಪ್ಪ ಊಟ ಬೇಡವೆಂದರು. ಸಂಜೆ ಹೆಗಲ ಶಾಲಿನೊಳಗೆ ಕೈ ಅಡಗಿಸಿಕೊಂಡು, ತೆಂಗಿನೆಣ್ಣೆಯ ಕುಪ್ಪಿ ನನ್ನ ಕೈಗೆ ಕೊಡಿಸಿದರು. "ನೀನೂ ಬಾ ಮಗಾ. ಒಬ್ಬನೇ ಹೋಗ್ಲಿಕ್ಕೆ ಧೈರ್ಯ ಇಲ್ಲ."

ಮನೆಮನೆಗೆ ಹೋದೆವು. ಅಂಗಳದಲ್ಲೇ ನಿಂತು, "ನನ್ನಿಂದ ತಪ್ಪಾಯ್ತು" ಎನ್ನುತ್ತಿದ್ದರು ಅಪ್ಪ. ಒಂದು ಮನೆಯ ಅಜ್ಜ, "ಮಕ್ಕಳ ಮೈ ಅಂದ್ರೆ ನಿಮ್ಮ ಬಾಗಿಲಿನ ದಾರಂದವಾ?" ಎಂದು ಬೈದರು. ಅಪ್ಪ ತಲೆ ಬಾಗಿಸಿ ಮುಂದಿನ ಮನೆಗೆ ನಡೆದರು. ನನಗಂತೂ ಈ ಮನುಷ್ಯ ನನ್ನ ಅಪ್ಪನೇ ಅಲ್ಲ ಎಂದು ಓಡಿಹೋಗುವಷ್ಟು ನಾಚಿಕೆ.

ಕೊನೆಗೆ ಹಮೀದನ ಮನೆ. ಅವನ ತಾಯಿ ಐಸಮ್ಮ ಅಂಗಳಕ್ಕಿಳಿದು ಬಂದರು. ಬೈಗುಳ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ.

"ಬೇಕೂಂತ ಮಾಡಿದ್ದಾ ಮಾಸ್ಟ್ರೆ? ಒಳಗೆ ಬನ್ನಿ. ಎಲ್ಲಿ, ನಿಮ್ಮ ಕೈ ತೋರಿಸಿ."

ಅಪ್ಪ ತೋರಿಸಲಿಲ್ಲ. ಐಸಮ್ಮ ಬಿಡಲಿಲ್ಲ. ಕೊನೆಗೆ ಶಾಲು ಸರಿಸಿದಾಗ ನೋಡಿದೆ: ಎರಡೂ ಅಂಗೈ ಸುಲಿದು ಹೋಗಿದ್ದವು. ಊಟ ಬೇಡವೆಂದದ್ದು ಯಾಕೆಂದು ಆಗ ತಿಳಿಯಿತು.

"ಹಮೀದಾ, ಮಾಸ್ಟ್ರಿಗೆ ಎಣ್ಣೆ ಹಚ್ಚು" ಎಂದರು ಆಕೆ. ಒಂದೇ ಕಣ್ಣು ತೆರೆಯಲಾಗುತ್ತಿದ್ದ ಆ ಹುಡುಗ ಅಪ್ಪನ ಎದುರು ಕುಳಿತು, ನಾವು ಅವನಿಗೆಂದು ಒಯ್ದ ಎಣ್ಣೆಯನ್ನು ಅಪ್ಪನ ಕೈಗೆ ಹಚ್ಚಿದ. ಅಷ್ಟು ಬೈಗುಳಕ್ಕೂ ಅಳದ ಅಪ್ಪ ಅಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ಐಸಮ್ಮ ನನಗೊಂದು ತುಂಡು ಬೆಲ್ಲ ಕೊಟ್ಟು, "ಅಪ್ಪನನ್ನು ಮೆಲ್ಲ ಕರ್ಕೊಂಡು ಹೋಗು ಮಗಳೇ" ಎಂದರು.

ಈಗ ಅಂಥದ್ದೇನಾದರೂ ಆದರೆ ಸಂಜೆಯೊಳಗೆ ಶಾಲೆಯ ಗೇಟಿನಲ್ಲಿ ಜನ ಸೇರುತ್ತಾರೆ. ಮಾಸ್ಟ್ರು ಯಾರ ಪೈಕಿ, ಹುಡುಗ ಯಾರ ಪೈಕಿ ಎಂಬುದೇ ಮೊದಲ ಪ್ರಶ್ನೆ. ಕೈ ತೋರಿಸಿ ಎನ್ನುವವರು ಯಾರಿದ್ದಾರೆ? ಅಂದು ಅಂಗಳ ಅಂಗಳಗಳಲ್ಲಿ ಪಟ್ಟ ನಾಚಿಕೆಗಿಂತ ದೊಡ್ಡದು ಇನ್ನಿಲ್ಲವೆಂದು ನಾನು ಬಹಳ ಕಾಲ ತಿಳಿದಿದ್ದೆ.

ಹೋದ ವರ್ಷ ಹಮೀದ ಕೋಲೂರಿಕೊಂಡು ಮನೆಗೆ ಬಂದ, ಮೊಮ್ಮಗಳ ಮದುವೆಗೆ ಕರೆಯಲಿಕ್ಕೆ. "ನೀವು ಬರ್ಲೇಬೇಕು ಅಕ್ಕಾ" ಎಂದ. ಅವನು ಹೋದ ಮೇಲೆ ನನ್ನ ಮಗ, "ಹೋಗುದು ಬೇಡಮ್ಮ, ಜನ ಎಂತ ಹೇಳಿಯಾರು?" ಎಂದ.

ನಾನು ಹೋಗಲಿಲ್ಲ.