ಹತ್ತು ಪದ, ನಾಲ್ಕು ಬೆರಳು

ಗಿರಾಕಿಗಳನ್ನು ಹೇಗೆ ಸಂತೋಷವಾಗಿಡಬೇಕು ಎಂಬ ಇಂಗ್ಲಿಷ್ ಭಾಷಣಗಳನ್ನು ನಾನು ಕೇಳಿದ್ದು ಜಿಗಣಿಯ ಒಂದು ಪಂಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಊಟ ಮುಗಿದ ಮೇಲೆ ಗೋಡೆಯ ಮೇಲೆ ವಿಡಿಯೋ ಹಾಕುತ್ತಿದ್ದರು. ಆರು ತಿಂಗಳು ಕೇಳಿದೆ ಎಂದು ಹೇಳಿಕೊಂಡು ಬಂದಿದ್ದೇನೆ, ಮೂರೇ ಇರಬಹುದು. ಭಾಷಣದವನ ಕೆನ್ನೆಯ ಮೇಲೆ ಮಚ್ಚೆಯಿತ್ತು ಎನ್ನುವುದು ಮಾತ್ರ ಖಚಿತ. ಅಥವಾ ಅದು ಗೋಡೆಗೆ ಸಿಡಿದ ಸಾಂಬಾರು.

ನನಗೆ ಬೇಕಾಗಿದ್ದದ್ದು ಒಂದು ಕುರ್ಚಿ. ವರ್ಷಗಟ್ಟಲೆ ಲೇತ್ ಮುಂದೆ ನಿಂತು ಮಂಡಿ ಸವೆದಿತ್ತು. ಇನ್ನು ನಿಲ್ಲಬೇಡಿ ಎಂದಿದ್ದರು ಡಾಕ್ಟರು. ಕೂತು ಮಾಡುವ ಕೆಲಸ ಕಾರ್ಖಾನೆಯಲ್ಲಿ ಒಂದೇ ಖಾಲಿ ಇತ್ತು: ಪಂಪು ಕೊಂಡವರ ದೂರು ಕೇಳುವ ಮೇಜು. ಅದಕ್ಕೆ ಇಂಗ್ಲಿಷ್ ಪರೀಕ್ಷೆ. ಫೋನು ಮಾಡುವವರೆಲ್ಲ ಕನ್ನಡದಲ್ಲೋ ತೆಲುಗಿನಲ್ಲೋ ಬೈಯುವವರಲ್ಲವೇ ಎಂದು ಕೇಳಿ ನೋಡಿದೆ. ಬೈಗುಳಕ್ಕೆ ಅಂಕವಿರಲಿಲ್ಲ.

ಶನಿವಾರ ಶನಿವಾರ ವೈಟ್‌ಫೀಲ್ಡಿನಿಂದ ಒಬ್ಬ ತರಬೇತಿಯ ಮೇಡಂ ಬರುತ್ತಿದ್ದರು. ಭಾಷಣಗಳಿಂದ ಹತ್ತು ಪದ ಹೆಕ್ಕಿ ಕೊಟ್ಟಿದ್ದರು: ಎಂಪಥಿ, ಜರ್ನಿ, ಟಚ್‌ಪಾಯಿಂಟ್, ಲಾಯಲ್ಟಿ, ಹೀಗೆ. ಹತ್ತನ್ನೂ ಬಳಸಿ ಗಿರಾಕಿಯೊಬ್ಬರ ಜೊತೆ ಮಾತಾಡಬೇಕು. ಕೊನೆಗೆ ಐದರಲ್ಲಿ ಎಷ್ಟು ಎಂದು ಗಿರಾಕಿ ಬೆರಳು ತೋರಿಸಬೇಕು. ನಾಲ್ಕಾದರೆ ಪಾಸು. ಗಿರಾಕಿಯ ಪಾತ್ರವನ್ನು ಮೊದಲು ಜೊತೆಯವರೇ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ "ಸಕ್ಕತ್ ಗುರು, ಐದು ತಗೋ" ಎನ್ನುತ್ತಿದ್ದರು. ಇದು ನಡೆಯುವುದಿಲ್ಲವೆಂದು ಮೇಡಂ, ಊಟ ಬಡಿಸುವ ಅಕ್ಕನನ್ನು ಕರೆದು ಕೂರಿಸಿದರು. ಪಕ್ಕದ ಹಳ್ಳಿಯವಳು, ಇಂಗ್ಲಿಷ್ ಬಾರದು.

"ನಾನೇನ್ ಮಾಡ್ಬೇಕವ್ವ?"

"ನಿಮಗೇನೋ ತೊಂದ್ರೆ ಇದೆ ಅಂದ್ಕೊಳ್ಳಿ ಅಕ್ಕ. ಇವರ ಹತ್ರ ಹೇಳಿ."

"ಅಂದ್ಕೊಳ್ಳೋದ್ಯಾಕೆ, ಐತಲ್ಲ!"

ಪಾತ್ರೆ ತೊಳೆಯುವ ಜಾಗದ ಮೋರಿ ಕಟ್ಟಿಕೊಂಡಿತ್ತು. ದಿನವೆಲ್ಲ ಅವಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲುತ್ತಿದ್ದಳು.

ನಾನು ಇಂಗ್ಲಿಷಿನಲ್ಲಿ ಎಂಪಥಿ ವ್ಯಕ್ತಪಡಿಸಿದೆ. ಅವಳ ಜರ್ನಿಯ ಬಗ್ಗೆ ವಿಚಾರಿಸಿದೆ. ಮೋರಿಯನ್ನು ಟಚ್‌ಪಾಯಿಂಟ್, ಅಂದರೆ ಗಿರಾಕಿ ಕಂಪನಿಗೆ ತಾಗುವ ಜಾಗ, ಎಂದೆ. ಹತ್ತೂ ಪದ ಮುಗಿದವು. ಅಕ್ಕ ಒಂದು ಬೆರಳು ತೋರಿಸಿದಳು.

"ಯಾಕಕ್ಕ?"

"ಚೆನ್ನಾಗ್ ಮಾತಾಡ್ದೆ ಕಣಪ್ಪ. ನೀರು ಅಂಗೇ ಐತೆ."

ಮುಂದಿನ ಶುಕ್ರವಾರ ನಾನೇ ಕಬ್ಬಿಣದ ಸರಳು ತಂದು ಮೋರಿ ಬಿಡಿಸಿದೆ. ಅನ್ನದ ಮುದ್ದೆ, ಟೀ ಸೊಪ್ಪು, ಯಾರದೋ ಗುರುತಿನ ಚೀಟಿ ಹೊರಬಂದವು. ಚೀಟಿಯಲ್ಲಿದ್ದ ಫೋಟೋ ನನ್ನದೇ ಎಂದು ಒಮ್ಮೊಮ್ಮೆ ಹೇಳುತ್ತೇನೆ. ಅಲ್ಲ.

ಶನಿವಾರ ಅಕ್ಕ ಕೂರಲೇ ಇಲ್ಲ. ದೂರದಿಂದಲೇ ಐದು ಬೆರಳು ಎತ್ತಿ ತೋರಿಸಿ ಬಡಿಸಲು ಹೊರಟಳು. ಮೇಡಂ ಪೆನ್ನು ಹಿಡಿದು ಕೂತಿದ್ದರು.

"ಸಾರ್, ಪದಗಳೇ ಬರ್ಲಿಲ್ವಲ್ಲ. ಒಂದೂ ಬರ್ಲಿಲ್ಲ. ಇದನ್ನ ತಗೊಳ್ಳೋಕಾಗಲ್ಲ. ಇವತ್ತೇ ಲಾಸ್ಟು ಬೇರೆ."

ನಾನು ಕುಂಟುತ್ತ ಅಕ್ಕನ ಹಿಂದೆ ಹೋದೆ, ಮೇಡಂ ನನ್ನ ಹಿಂದೆ.

"ಅಕ್ಕ, ಬೇರೆ ಏನಾದ್ರೂ ತೊಂದ್ರೆ ಹೇಳಕ್ಕ."

"ಏನೂ ಇಲ್ಲಪ್ಪ. ಆರಾಮಾಗಿವ್ನಿ."

"ಜ್ಞಾಪಿಸ್ಕೊಂಡ್ ನೋಡಕ್ಕ. ಗ್ಯಾಸು? ಫ್ಯಾನು? ಸೂಪರ್‌ವೈಸರ್ರು?"

ಅಕ್ಕ ಸೌಟು ಹಿಡಿದು ಪ್ರಾಮಾಣಿಕವಾಗಿ ಯೋಚಿಸಿದಳು. ನನ್ನ ಹಿಂದೆ ತಟ್ಟೆ ಹಿಡಿದವರ ಸಾಲು ಬೆಳೆಯಿತು.

"ಅಣ್ಣೋ, ಸೈಡಿಗ್ ಬಾರಣ್ಣ, ಹೊಟ್ಟೆ ಹಸೀತೈತೆ!"

"ಮಗಾ, ಪರೀಕ್ಷೆ ಅಂತೆ ಕಣೋ, ಬಿಡು, ಇವತ್ತು ಊಟ ಇಲ್ಲ!"

"ಐತೆ ಕಣಪ್ಪ ತೊಂದ್ರೆ," ಎಂದಳು ಅಕ್ಕ. "ನೀನೇ. ಅನ್ನ ಬಡ್ಸಾಕೆ ಬಿಡ್ತಿಲ್ಲ."

ಇಂಥ ದೂರು ಯಾವ ಭಾಷಣದಲ್ಲೂ ಬಂದಿರಲಿಲ್ಲ. ಆದರೂ ಹತ್ತೂ ಪದಗಳು ತಾವಾಗಿ ಬಂದವು. ನನ್ನಿಂದ ಅವಳು ಪಡುತ್ತಿರುವ ಕಷ್ಟಕ್ಕೆ ಎಂಪಥಿ ತೋರಿದೆ. ಅವಳ ಜರ್ನಿಯಲ್ಲಿ ನಾನೊಂದು ಕೆಟ್ಟ ಟಚ್‌ಪಾಯಿಂಟ್ ಎಂದು ಒಪ್ಪಿಕೊಂಡೆ. ಅವಳ ಲಾಯಲ್ಟಿಗೆ ವಂದಿಸಿದೆ. ಪರಿಹಾರವಾಗಿ ನನ್ನನ್ನು ಕೂಡಲೇ ತೆಗೆದುಹಾಕುವುದಾಗಿ ಮಾತು ಕೊಟ್ಟು, ಸಾಲಿನಿಂದ ಆಚೆ ಸರಿದೆ. ಹಸಿದವರು ಚಪ್ಪಾಳೆ ತಟ್ಟಿದರು.

"ಎಷ್ಟು ಅಕ್ಕ?" ಎಂದರು ಮೇಡಂ.

ಅಕ್ಕ ಸೌಟು ಹಿಡಿದ ಕೈಯನ್ನೇ ಎತ್ತಿದಳು. ಮೇಡಂ ನಾಲ್ಕು ಎಂದು ಬರೆದುಕೊಂಡರು. ತಾನು ತೋರಿಸಿದ್ದು ಮೂರು ಎಂದು ಅಕ್ಕ ಇವತ್ತಿಗೂ ಸಾಧಿಸುತ್ತಾಳೆ. ನಾನು ಆಗ ನೆಲ ನೋಡುತ್ತಿದ್ದೆ. ಅವಳ ಕೈಯನ್ನೇ ದಿಟ್ಟಿಸುತ್ತಲೂ ಇದ್ದೆ. ನನ್ನ ಹತ್ತಿರ ಎರಡೂ ನೆನಪುಗಳಿವೆ. ಸೌಟಿನ ಹಿಡಿ ಒಂದು ಬೆರಳಿನಷ್ಟೇ ದಪ್ಪವಿತ್ತು ಎಂಬುದನ್ನು ಮಾತ್ರ ನಾನು ಮೇಡಂಗೆ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಹೋಗಿ ದೂರಿನ ಮೇಜಿನ ಕುರ್ಚಿಯಲ್ಲಿ ಕೂತುಬಿಟ್ಟೆ.