ಬಿಗಿಯಾಗದ ಮಡ್‌ಗಾರ್ಡು

ಅಗ್ರಹಾರದ ಅರ್ಧ ಸೈಕಲ್ಲುಗಳಿಗೆ ಬೀರಯ್ಯನೇ ಗತಿ. ಆ ಬೀರಯ್ಯನಿಗೆ ಕಣ್ಣೇ ಕಾಣುವುದಿಲ್ಲ ಎಂಬುದು ಹನ್ನೆರಡು ವರ್ಷದಿಂದ ಅವನ ಗೆಳೆಯರಾಗಿದ್ದ ಶಿವಮಲ್ಲಪ್ಪ ಮೇಷ್ಟರಿಗೆ ಗೊತ್ತಾದದ್ದು ಐವತ್ತೆಂಟನೇ ಇಸವಿಯ ಒಂದು ಭಾನುವಾರ, ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ, ಅವನು ಸೈಕಲ್ ಸಮೇತ ರಸ್ತೆಯಿಂದಾಚೆಗೆ ಹಾರಿಹೋದ ಮೇಲೆ.

ಬೀರಯ್ಯ ಮೇಟಗಳ್ಳಿಯ ಒಕ್ಕಲು ಮನೆಯವನು, ನೇಗಿಲು ಬಿಟ್ಟು ಸ್ಪ್ಯಾನರ್ ಹಿಡಿದವನು. ಅಂಗಡಿ ಎಂದರೆ ಒಂದು ಮರದ ಪೆಟ್ಟಿಗೆ, ಒಂದು ನೀರಿನ ಬಾಣಲಿ, ಮೇಲೊಂದು ತಗಡು. ಚಕ್ರ ತಿರುಗಿಸಿ, ಕಣ್ಣು ಮುಚ್ಚಿ, ಕಡ್ಡಿಗಳನ್ನು ಬೆರಳಲ್ಲಿ ಮೀಟಿ, ಸದ್ದು ಕೇಳಿಯೇ ಬೆಂಡು ತೆಗೆಯುತ್ತಿದ್ದ. ಜನ ನಿಂತು ತಲೆದೂಗುತ್ತಿದ್ದರು. ಮೇಷ್ಟರಂತೂ ತಮ್ಮ ಶಾಲೆಯವರ ಸೈಕಲ್ಲುಗಳನ್ನೆಲ್ಲ ಅವನ ಹತ್ತಿರವೇ ಅಟ್ಟುತ್ತಿದ್ದರು. "ಕೈಗುಣ ಕಣ್ರೀ, ಕೈಗುಣ!"

ಅವರಿಗಿದ್ದ ತಕರಾರು ಒಂದೇ. ತಮ್ಮ ಸೈಕಲ್ಲಿನ ಹಿಂದಿನ ಮಡ್‌ಗಾರ್ಡು ಲೊಡಲೊಡ ಎನ್ನುತ್ತಿತ್ತು, ಬೀರಯ್ಯ ಎರಡು ವರ್ಷದಿಂದ ಅದನ್ನು ಬಿಗಿ ಮಾಡಿಕೊಟ್ಟಿರಲಿಲ್ಲ.

"ಅದ್ಯಾಕೆ ಬುಡಿ ಮೇಷ್ಟ್ರೆ, ಬ್ರೇಕು ಸರ್ಯಾಗೇ ಅದಲ್ಲ."

ಎಲ್ಲಿಯ ಸೋಮಾರಿ ಎಂದು ಮೇಷ್ಟರು ಬೈದುಕೊಂಡು ಸುಮ್ಮನಾಗುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ಭಾನುವಾರ ಇಬ್ಬರೂ ಸೈಕಲ್ಲಿನಲ್ಲಿ ಬೆಟ್ಟಕ್ಕೆ ಹೋಗುವುದು ವಾಡಿಕೆ. ಆ ವರ್ಷವೂ ಹೊರಟರು. ಎಂದಿನಂತೆ ಮೇಷ್ಟರು ಮುಂದೆ, ಬೀರಯ್ಯ ಹಿಂದೆ. ತುಳಿದಷ್ಟು ತುಳಿದು, ಏದುಸಿರು ಬಂದಲ್ಲಿ ಇಳಿದು ತಳ್ಳಿದರು. ಮೇಲೆ ದೇವಿಗೆ ಕೈಮುಗಿದು, ಮೇಷ್ಟರ ಹೆಂಡತಿ ಸುಮಿತ್ರಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದರು. "ಅಗೋ, ಕುಕ್ಕರಹಳ್ಳಿ ಕೆರೆ ಹೇಗೆ ಹೊಳೀತಿದೆ ನೋಡಯ್ಯ," ಎಂದರು ಮೇಷ್ಟರು. "ಹೂಂ, ಚೆಂದಾಗದೆ," ಎಂದ ಬೀರಯ್ಯ, ಗುಡಿಯ ಕಡೆಗೆ ಮುಖ ಮಾಡಿಕೊಂಡು. ಅವನು ದೇವಿಯ ಧ್ಯಾನದಲ್ಲಿದ್ದಾನೆ ಎಂದುಕೊಂಡರು.

ಅವನು ಕೈತೊಳೆಯಲು ಹೋದಾಗ ಮೇಷ್ಟರಿಗೆ ಹುಡುಗಾಟ ಬಂತು. ಚೀಲದಲ್ಲಿದ್ದ ಹಳೇ ಟ್ಯೂಬಿನ ತುಂಡನ್ನು ಮಡಿಸಿ ತಮ್ಮ ಸೈಕಲ್ಲಿನ ಮಡ್‌ಗಾರ್ಡಿನ ಸಂದಿಗೆ ತುರುಕಿದರು. ಸದ್ದು ನಿಂತಿತು. ನಿನ್ನ ಕೈಯಲ್ಲಾಗದ್ದು ನಾನು ಮಾಡಿದೆ ನೋಡು ಎಂದು ಕೆಳಗಿಳಿದ ಮೇಲೆ ಹಂಗಿಸುವ ಆಸೆ.

ಇಳಿಜಾರು ಶುರುವಾಯಿತು. ಸ್ವಲ್ಪ ದೂರದಲ್ಲೇ ಹಿಂದಿನಿಂದ ಕೂಗು ಬಂತು. "ಮೇಷ್ಟ್ರೇ! ಎಲ್ಲಿದ್ದೀರಿ?"

ಮೇಷ್ಟರು ನಗು ತಡೆದುಕೊಂಡು ಉತ್ತರ ಕೊಡಲಿಲ್ಲ.

"ಮೇಷ್ಟ್ರೇ!" ಈ ಸಲದ ದನಿ ಬೇರೆಯಾಗಿತ್ತು. ತಿರುವು ದಾಟಿದ್ದ ಮೇಷ್ಟರು ತಿರುಗಿ ನೋಡಿದರು. ಬೀರಯ್ಯ ಹ್ಯಾಂಡಲ್ ತಿರುಗಿಸದೆ, ತಲೆ ಎತ್ತಿಕೊಂಡು ನೆಟ್ಟಗೆ ಬರುತ್ತಿದ್ದ. ಅಂಚಿನ ಕಲ್ಲಿಗೆ ಚಕ್ರ ಬಡಿಯಿತು. ಅವನು ಸೈಕಲ್ ಸಮೇತ ಆಚೆಗೆ ಹಾರಿಬಿದ್ದ.

ಮೇಷ್ಟರು ಸೈಕಲ್ಲನ್ನು ಅಲ್ಲೇ ಬಿಟ್ಟರು. ಓಡಿದರು. ಲಂಟಾನದ ಪೊದೆ ಅವನನ್ನು ತಡೆದಿತ್ತು. ಪೊದೆಯಿಂದಾಚೆಗೆ ಬರೀ ಪ್ರಪಾತ. ಅವನನ್ನು ಎಳೆದು ಕೂರಿಸಿ, ಅವನ ಸೈಕಲ್ಲನ್ನೂ ಈಚೆಗೆ ಎಳೆದರು. ಮೈಯೆಲ್ಲ ತರಚಿತ್ತು.

"ಕಣ್ಣು ಕಾಣಿಸಲ್ವೇನಯ್ಯ ನಿಂಗೆ?" ಎಂದು ಗದರಿದರು.

"ಇಲ್ಲ ಮೇಷ್ಟ್ರೆ," ಎಂದ ಬೀರಯ್ಯ. "ಎರಡು ವರ್ಸದಿಂದ ಬೆಳಕು ಕತ್ಲೆ ಮಾತ್ರ ತಿಳೀತದೆ. ನಿಮ್ಮ ಮಡ್‌ಗಾರ್ಡ್ ಸದ್ದು ಹಿಡ್ಕೊಂಡು ಬರ್ತಿದ್ದೆ. ಇವತ್ತು ಅದು ಎಂಗೆ ನಿಂತೋಯ್ತೋ ಗೊತ್ತಾಗ್ಲಿಲ್ಲ."

ಮೇಷ್ಟರಿಗೆ ಟ್ಯೂಬಿನ ತುಂಡು ನೆನಪಾಯಿತು. ತಾವು ಮಾಡಿದ್ದೇನು! ಮರುಗಳಿಗೆಗೇ ಇನ್ನೊಂದು ಯೋಚನೆ ಬಂತು.

"ಅಂಬುಜಾನ ದಿನಾ ಸೈಕಲ್ ಬಾರ್ ಮೇಲೆ ಕೂರಿಸ್ಕೊಂಡು ಓಡಾಡ್ತೀನಲ್ಲೋ! ಆ ಬ್ರೇಕು ಕುರುಡ ಕಟ್ಟಿದ್ದೇನೋ? ನನ್ನ ಮಗಳು ಕಣೋ ಅವಳು!"

ಬೀರಯ್ಯ ತಲೆ ತಗ್ಗಿಸಿದ. "ಊರೋರ್ಗೆ ಹೇಳ್ಬುಡ್ತೀರಾ? ಹೇಳಿದ್ರೆ ಅಂಗಡಿ ಮುಚ್ಚಬೇಕು. ನಂಗೆ ಬೇರೆ ಕೆಲ್ಸ ಬರಲ್ಲ."

ಮೇಷ್ಟರು ಎದ್ದರು. ತಮ್ಮ ಸೈಕಲ್ಲಿನ ಹತ್ತಿರ ಹೋಗಿ ಚೀಲದಲ್ಲಿದ್ದ ಸ್ಪ್ಯಾನರಿನಿಂದ ಒಂದೊಂದೇ ನಟ್ಟನ್ನು ತಿರುಗಿಸಿ ನೋಡಿದರು. ಯಾವುದೂ ಅಲುಗಲಿಲ್ಲ. ಟ್ಯೂಬಿನ ತುಂಡನ್ನು ಕಿತ್ತೆಸೆದು ಮಡ್‌ಗಾರ್ಡನ್ನು ಅಲ್ಲಾಡಿಸಿದರು.

"ಕೇಳಿಸ್ತಾ?"

"ಕೇಳಿಸ್ತು."

ಬೆಟ್ಟದ ಬುಡದವರೆಗೂ ಸೈಕಲ್ ತಳ್ಳಿಕೊಂಡೇ ಇಳಿದರು.

ಮಾರನೆಯ ದಿನ ಹೆಡ್‌ಮಾಸ್ಟರು ಸೈಕಲ್ಲನ್ನು ಬ್ರೇಕ್ ರಿಪೇರಿಗೆ ಯಾರ ಹತ್ತಿರ ಬಿಡಲಿ ಎಂದು ಮೇಷ್ಟರನ್ನು ಕೇಳಿದರು. "ಬೀರಯ್ಯನ ಹತ್ರ," ಎಂದರು ಮೇಷ್ಟರು. ಸಂಜೆ ಅಂಗಡಿಗೆ ಹೋಗಿ, ರಿಪೇರಿಯಾಗಿದ್ದ ಸೈಕಲ್ಲುಗಳ ನಟ್ಟುಗಳನ್ನೆಲ್ಲ ತಾವೇ ಮುಟ್ಟಿ ನೋಡಿದರು. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಹನ್ನೊಂದು ವರ್ಷ ನೋಡಿದರು. ಒಂದು ನಟ್ಟೂ ಸಡಿಲ ಸಿಗಲಿಲ್ಲ. ತಮ್ಮ ಮಡ್‌ಗಾರ್ಡನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.